ಬೆನ್ನಿಗೆ ಹತ್ತಿದ ಮಣ್ಣು

ಜಿನ್ನಪ್ಪ ಸರ ಅವರ ಎಡಗಿವಿ ಒಣಗಿದ ಅಂಜೂರ.
ನಾವು ಬಲಗಡೆ ನಿಂತು ಮಾತಾಡಬೇಕು.
ಶೇಡಬಾಳದ ಗರಡಿಯಲ್ಲಿ ಹದಿನೇಳಕ್ಕೇ ಹಿಂಡಿ ಹೋದದ್ದು ಅದು.
ಆಮೇಲೆ ಮೀರಜ, ಸಾಂಗ್ಲಿ, ಇಚಲಕರಂಜಿ,
ಟಾಂಗಾಕ್ಕೆ ಭೋಂಗಾ ಕಟ್ಟಿ ಕೂಗುತ್ತಿದ್ದರಂತೆ ಹೆಸರು:
ಇಂದು ಸಂಜೆ ನಾಲ್ಕಕ್ಕೆ, ನಿಕಾಲಿ ಕುಸ್ತಿ!

ನಿಕಾಲಿ ಅಂದರೆ
ಒಬ್ಬನ ಬೆನ್ನು ಮಣ್ಣಿಗೆ ಹತ್ತಲೇಬೇಕು.
ಹನ್ನೊಂದು ವರ್ಷ ಇವರದು ಹತ್ತಲಿಲ್ಲ.
ಹತ್ತಿದ ದಿನ ಮೊಣಕಾಲೂ ಹೋಯಿತು.
ಎರಡು ದಿನ ಆ ಮಣ್ಣು ತೊಳೆದುಕೊಳ್ಳಲಿಲ್ಲ,
ಚಂಪಾಬಾಯಿ ಒಮ್ಮೆ ನನಗೆ ಹೇಳಿದ್ದು,
ಜೋಳ ಹಸನ ಮಾಡುತ್ತ, ತಲೆ ಎತ್ತದೆ.

ವಡಗಾವಿಯ ನಮ್ಮ ಸಾಲಿಗೆ ಬಂದದ್ದು ಸಿಪಾಯಿಯಾಗಿ,
ಗಂಟೆ ಹೊಡೆಯುವ ಕೆಲಸ.
ಮೂಲೆ ಕೋಣೆಯಲ್ಲಿ ಹದಿನಾಲ್ಕು ಹಾಕಿ ಕೋಲು,
ಕ್ಯಾಂಪಿನ ಯಾವನೋ ಹವಾಲ್ದಾರ ಬಿಟ್ಟು ಹೋದವು.
ಒಂದೊಂದಕ್ಕೂ ಎಳ್ಳೆಣ್ಣೆ ತಿಕ್ಕಿದರು,
ಪೈಲವಾನರ ತೊಡೆಗೆ ತಿಕ್ಕುವ ಹಾಗೆ.
ನಿಯಮದ ಪುಸ್ತಕ ಹೆಡ್‌ಮಾಸ್ತರರು ಓದಿ ಹೇಳಿದರು.
"ಕೈಲೆ ಹಿಡಿಯೂದಿಲ್ಲ, ಕಾಲಿಲೆ ತಡಿಯೂದಿಲ್ಲ,
ಇದೆಂಥಾ ಆಟ ರೀ?"

ನಾವು ಮಗ್ಗದ ಮನೆಯ ಹುಡುಗಿಯರು,
ಲಾಳಿಯ ಹಿಂದೆ ಓಡಿ ಪಳಗಿದ ಕಣ್ಣು.
ಬಗ್ಗಿ ನಿಲ್ಲು.
ಎದುರಿನವರ ಮುಖ ನೋಡಬ್ಯಾಡ, ಟೊಂಕ ನೋಡು,
ಮುಖ ಸುಳ್ಳು ಹೇಳತದ.
ಇಷ್ಟೇ ಅವರ ಹಾಕಿ.

ನಾನು ಗೋಲು ಕಾಯುವವಳು.
ಬೀಳಲು ಹೆದರುತ್ತಿದ್ದೆ.
ಅವರೂ ಎಂದೂ ಬೀಳು ಅನ್ನಲಿಲ್ಲ,
ಆ ಶಬ್ದ ಅವರ ಬಾಯಲ್ಲಿ ಇರಲೇ ಇಲ್ಲ.

ಖಾನಾಪುರದವರ ಎದುರು, ಒಂದು ಗೋಲು ಮುಂದಿದ್ದೆವು, ಕೊನೆಯ ನಿಮಿಷ,
ಹೇಗೋ ಬಿದ್ದುಬಿಟ್ಟೆ, ಪೂರಾ ಅಂಗಾತ.
ಚೆಂಡು ಎದೆಗೆ ಬಡಿದು ಹೊರಗೆ ಹೋಯಿತು.
ಸೀಟಿ.
ಎಲ್ಲರೂ ಕುಣಿಯುವಾಗ ಸರ
ನನ್ನ ಹಿಂದೆ ಬಂದು ನಿಂತರು,
ಅಂಗಿಯ ಬೆನ್ನಿಗೆ ಹತ್ತಿದ ಮಣ್ಣನ್ನೇ ನೋಡುತ್ತ
ಬಹಳ ಹೊತ್ತು.
ಒಮ್ಮೆ ಕೈ ಎತ್ತಿದರು, ಜಾಡಿಸಲಿಲ್ಲ.
"ಬೆನ್ನು ಹತ್ತೇತಿ," ಅಂದರು, "ಮತ್ತ ಗೆದ್ದೀದಿ."
ಬಸ್ಸಿನಲ್ಲಿ ಯಾರ ಜೊತೆಗೂ ಮಾತಿಲ್ಲ.

ಮರುದಿನ ನಸುಕಿನಲ್ಲಿ
ಸಾಲಿ ಬಯಲಿನ ಗೋಲಿನ ಮುಂದೆ ಸಲಿಕೆ ಹಿಡಿದಿದ್ದರು.
ಹರಳು ಆರಿಸಿ, ಕೆಮ್ಮಣ್ಣು ಹರವಿ,
ಎರಡು ಕೊಡ ಮಜ್ಜಿಗೆ, ಅರಿಶಿಣ, ಹಿಂಡಿದ ನಿಂಬೆ.
ಕುಂಟುಗಾಲಲ್ಲೇ ತುಳಿದು ಹದ ನೋಡಿದರು.

"ಈಗ ಬೀಳವ್ವಾ," ಅಂದು
ಬಲಗಿವಿ ನನ್ನ ಕಡೆ ತಿರುಗಿಸಿ
ಕಣ್ಣು ಮುಚ್ಚಿ ನಿಂತರು.