ಏಳು

ಪಸಾಯ್‌ನ ಕಚೇರಿಯಲ್ಲಿ ಬೆಳಗಿನ ಜಾವ ಮೂರೂವರೆ.
ಗೋಡೆಯ ಹಲಗೆಗೆ ಅಂಟಿ ಒಂಬತ್ತು ಬಿಲ್ಲೆ, ಒಂಬತ್ತು ವಿಮಾನ.
ಹಾರುವವು ಎಂಟು.
ಏಳನೆಯದನ್ನು ಮೂಲೆಗೆ ಸರಿಸಿ ಐದು ತಿಂಗಳು.
ಹೊಸ ಹುಡುಗ ಕೇಳುತ್ತಾನೆ: ಇದನ್ನೇಕೆ ತೆಗೆದಿಲ್ಲ, ಮಾರಿಫೆ?
ತೆಗೆದರೆ ಬೋಳು ಕಾಣುತ್ತದೆ, ಅಂದೆ.

ಮೊದಲು ಮೂರಕ್ಕೆ ಬೇಕಾಯಿತು ಇದರ ಪ್ರೊಪೆಲ್ಲರಿನ ಒಂದು ಅಲಗು,
ಒಂದೇ ವಾರದ ಮಟ್ಟಿಗೆ ಅಂತ.
ಆಮೇಲೆ ಇಂಧನದ ಪಂಪು, ಬ್ರೇಕಿನ ತಟ್ಟೆ.
ವಿರಾಕ್‌ನಲ್ಲಿ ಕೊಕ್ಕರೆ ಬಡಿದು ಐದರ ಗಾಜು ಸೀಳಿದಾಗ
ಇದರ ಗಾಜು.
ಮೊನ್ನೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಶೌಚದ ಬಾಗಿಲಿನ ಚಿಲಕ.
ಎಂಜಿನ್ನುಗಳೆರಡೂ ಸಿಂಗಪುರದ ದುರಸ್ತಿ ಮನೆಯಲ್ಲಿ.
ನೀವು ಸರದಿಯಲ್ಲಿದ್ದೀರಿ ಎಂದು ತಿಂಗಳಿಗೊಂದು ಪತ್ರ,
ಪ್ರತಿ ಸಲ ಬೇರೆಯವರ ಸಹಿ.

ಮಕಾಟಿಯಿಂದ ಬಂದ ಸಲಹೆಗಾರ ಪರದೆಯ ಮೇಲೆ ಗೆರೆ ಎಳೆದ.
ದೊಡ್ಡ ಜೆಟ್ ಕೊಳ್ಳಿ, ಸೀಟಿಗೆ ಬೀಳುವ ಖರ್ಚು ಇಳಿಯುತ್ತದೆ ನೋಡಿ.
ನೋಡಿದೆ. ಇಳಿಯುತ್ತಿತ್ತು, ಚೆನ್ನಾಗಿಯೇ.
ಜೆಟ್ಟು ಎಲ್ಲಿ ಇಳಿಯುತ್ತದೆ, ಕೇಳಿದೆ.
ಬಾಸ್ಕೋದ ಓಡುದಾರಿ ಬೆಟ್ಟದ ಕಡೆಗೇ ಏರುತ್ತದೆ ಸಾರ್,
ಗಿಡ್ಡ.
ಸಂಜೆ ಐದೂವರೆಗೆ ಸೂರ್ಯ ಬಾಗಿಲು ಹಾಕಿಕೊಂಡು ಹೋದನೆಂದರೆ
ನಮ್ಮ ಎಷ್ಟೋ ನಿಲ್ದಾಣ ಬರಿಯ ಹುಲ್ಲುಗಾವಲು.
ಹಾಸಿಗೆ ಇದ್ದಷ್ಟು ಕಾಲು ಚಾಚು, ಸರಿ.
ನಮ್ಮ ಹಾಸಿಗೆ ಏಳು ಸಾವಿರ ಚೂರು,
ನಡುವೆ ಎಲ್ಲ ನೀರು.

ಬೆಳಿಗ್ಗೆ ಮನಿಲಾದಲ್ಲಿ ಹದಿನಾಲ್ಕರ ಹಿಂದೆ ಸಾಲು ನಿಂತು
ಕಳೆದ ಇಪ್ಪತ್ತು ನಿಮಿಷ
ಕಳೆದುಹೋಗುವುದಿಲ್ಲ.
ಸೆಬುವಿಗೆ ಹೋಗುತ್ತದೆ, ಸಿಯಾರ್ಗಾವೊಗೆ ಹೋಗುತ್ತದೆ, ಬಡ್ಡಿ ಬೆಳೆಸುತ್ತ,
ಸಂಜೆ ಕೊನೆಯ ದ್ವೀಪದಲ್ಲಿ
ಯಾರದೋ ಬೆಳಕಿನಲ್ಲಿ ಮುರಿದುಕೊಳ್ಳುತ್ತದೆ.

ಇವತ್ತು ಎರಡಕ್ಕೆ ಎಣ್ಣೆ ಸೋರಿಕೆ. ಒಂದು ಊರು ಬಿಡಬೇಕು.
ಬಾಸ್ಕೋದ ಗೆರೆ ಒರೆಸುತ್ತೇನೆ:
ಅರವತ್ತೊಂದು ಮಂದಿ,
ಕಣ್ಣಿನ ಪಟ್ಟಿ ಬಿಚ್ಚಿಸಿಕೊಳ್ಳಲು ಬರಬೇಕಾದ ಒಬ್ಬ ಟೀಚರು,
ಹನ್ನೆರಡು ಮೂಟೆ ಬೆಳ್ಳುಳ್ಳಿ.
ಫೋನಿನಲ್ಲಿ ಅಲ್ಲಿಯ ಕಾಸ್ತಿಯೆಹೋಸ್ ಬೈಯುವುದಿಲ್ಲ,
ಅದೇ ಕಷ್ಟ.
ನಾಳೆ? ಅನ್ನುತ್ತಾಳೆ.
ನಾಳೆಯ ಹಲಗೆಯಲ್ಲೂ ಇಷ್ಟೇ ಬಿಲ್ಲೆ.

ಹೇಳಹೊರಟದ್ದು ಬೇರೆ.
ಹೋದ ತಿಂಗಳು ಚಂಡಮಾರುತ ಬರುವ ಮುನ್ನ
ಎಂಟನ್ನೂ ದಾವಾವೊಗೆ ಅಟ್ಟಿದೆವು, ಕೋಳಿಮರಿ ಅಟ್ಟಿದ ಹಾಗೆ.
ಇದು ಎಲ್ಲಿಗೆ ಹೋಗಬೇಕು?
ಮೆಕ್ಯಾನಿಕ್ ಹೊಂತೊಮಿನ್ ಬತಾನೆಸ್‌ನವನು.
ಅವನ ಊರಿನಲ್ಲಿ ಗಾಳಿ ಬರುವ ಮೊದಲು
ಹುಲ್ಲು ಮಾಡಿಗೆ ಹಗ್ಗದ ಬಲೆ ಹೊದಿಸಿ ಕಲ್ಲಿಗೆ ಬಿಗಿಯುತ್ತಾರೆ.
ಅಪ್ಪ ಮಾಡು ಬಿಗಿದಂತೆ ಇವನು ಇದನ್ನು ಬಿಗಿದ,
ಮೂಗಿನಿಂದ ಬಾಲದವರೆಗೆ;
ಡ್ರಮ್ಮುಗಳಿಗೆ ನೀರು ತುಂಬಿ ತೂಕ ಕಟ್ಟಿದ;
ಹೋಗು ಮನೆಗೆ ಅಂದರೆ ಕೇಳದೆ
ಅದರೊಳಗೇ ಮಲಗಿದ, ಹನ್ನೊಂದನೇ ಸಾಲಿನಲ್ಲಿ.

ಬೆಳಿಗ್ಗೆ ಹ್ಯಾಂಗರಿನ ತಗಡು ಕೊಲ್ಲಿಯಲ್ಲಿ ತೇಲುತ್ತಿತ್ತು.
ಇದು ಇತ್ತು.
ರಾತ್ರಿ ಎರಡರ ಹೊತ್ತಿಗೆ ಎದ್ದಿತು, ಅಂದ ಹೊಂತೊಮಿನ್.
ಏನು?
ಎದ್ದಿತು. ಇಷ್ಟು.
ಅಂಗೈಯನ್ನು ನೆಲದಿಂದ ಒಂದು ಮೊಳ ಎತ್ತಿ ತೋರಿಸಿದ.
ಎಂಜಿನ್ನಿನ ಭಾರವೂ ಇಲ್ಲ ನೋಡಿ, ಹಗುರ. ಹಗ್ಗ ತಡೆಯಿತು.
ಆಮೇಲೆ ಮೆಲ್ಲಗೆ ಕೂತಿತು.
ನಮ್ಮ ಕ್ಯಾಪ್ಟನ್‌ಗಳು ಯಾರೂ ಅಷ್ಟು ಮೆಲ್ಲಗೆ ಕೂರಿಸಿಲ್ಲ.

ವಿಮೆಯವರ ಕಾಗದದಲ್ಲಿ ಚಲನೆ: ಇಲ್ಲ, ಎಂದು ತುಂಬಿದೆ.
ಅವನು ಹಗ್ಗದ ರಸೀದಿ ಕೊಟ್ಟ, ನಾಲ್ಕು ಸಾವಿರದ ಇನ್ನೂರು ಪೆಸೊ.
ದುರಸ್ತಿಯೆ? ಕಟ್ಟಡವೆ? ಯಾವ ಬಾಬ್ತಿಗೆ ಹಾಕಲಿ?
ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತು
ಹಾರಾಟದ ಖರ್ಚು ಅಂತ ಬರೆದೆ.