ಬ್ಯಾಸಗಿ ಕೋರ್ಸು, ಮೂರನೆಯ ದಿನ

ಮೇ ತಿಂಗಳು. ಧಾರವಾಡದ ಫ್ಯಾನು
ಬಿಸಿಗಾಳಿಯನ್ನೇ ಎತ್ತಿ ಎತ್ತಿ ಇಡುತ್ತಿದೆ.
ಕರಿಹಲಗೆಯ ಮೇಲೆ ಮುಳಗುಂದ ಮೇಡಂ
ಗೆರೆ ಎಳೆದರು:
ಈ ಕಡೆ ಧರ್ಮ, ಆ ಕಡೆ ಮಾಟ.
ಸೀಮೆಸುಣ್ಣ ನಡುವೆಯೇ ಮುರಿಯಿತು.

'ಯಾರರೆ ತಾಯತ ತಂದೀರೇನು?'
ನಾನು ತಂದಿದ್ದೆ. ನಾಲ್ಕು ವರ್ಷದವಳಿದ್ದಾಗ
ಕಾಮಣಿಗೆಂದು ಶಿಗ್ಗಾವಿಯ ಮುದುಕನೊಬ್ಬ ಕಟ್ಟಿದ್ದು;
ಅವ್ವನ ಸಾಸಿವೆ ಡಬ್ಬಿಯಿಂದ
ಕೇಳದೆ ಎತ್ತಿಕೊಂಡು ಬಂದದ್ದು.

ಅರಗು ಕೆರೆದು ಚಿಮಟದಿಂದ ಎಳೆದರೆ
ಬಸ್ ಟಿಕೀಟಿನಷ್ಟು ಕಾಗದ. ಬರೀ ಅಂಕಿ.
'ಮಾಂತ್ರಿಕ ಚೌಕ!' ಮೇಡಂ ದನಿ ನಡುಗಿತು.
ಹದಿನಾರು ಪೆನ್ನುಗಳ ಟೊಪ್ಪಿಗೆ ಬಿಚ್ಚಿದವು.

ಚಹಾ ತಂದ ಬಾಬಾಜಾನ್ ಬಗ್ಗಿ ನೋಡಿ
'ಹದಿನೇಳರ ಮಗ್ಗಿ ಅಲ್ಲೇನ್ರೀ ಇದು?
ಎಂಟ್ಲೆಗೆ ಹತ್ತು ಹೆಚ್ಚಿಗೆ ಬಿದ್ದೈತಿ' ಅಂದ;
ಕಪ್ಪು ಎಣಿಸಿ ಇಟ್ಟು ಹೋದ.

ಎಲ್ಲರೂ ನಕ್ಕರು, ಮೇಡಂ ಕೂಡ.
ಆಮೇಲೆ ಗೆರೆಯ ಯಾವ ಕಡೆ ಬರೆಯಬೇಕೋ ತಿಳಿಯದೆ
ಚಹಾ ಕುಡಿದೆವು.

ರಾತ್ರಿ ಹಾಸ್ಟೆಲಿನಲ್ಲಿ ಮೇಣಬತ್ತಿ ಹಚ್ಚಿ
ಕಾಗದ ಸುತ್ತಿ, ತಾಯತದ ಬಾಯಿಗೆ
ಎರಡು ಹನಿ ಬಿಟ್ಟೆ.
ತಪ್ಪು ತಿದ್ದಲಿಲ್ಲ.
ಕಣ್ಣಿನ ಹಳದಿ ಇಳಿದದ್ದು
ಆ ಹತ್ತರಿಂದಲೇ ಇದ್ದೀತು.