ಎಷ್ಟು ಕುರಿಗೆ?

ಹೆಬ್ಬಾಳದ ದನದ ಔಷಧಿ ಅಂಗಡಿಯಲ್ಲಿ
ಜಂತುಹುಳದ ಪುಡಿ ಕೇಳಿದೆ.
ಎಷ್ಟು ಕುರಿಗೆ, ಅಂದ ಚೌಡಪ್ಪ, ತಲೆಯೆತ್ತದೆ.
ಕುರಿಗಲ್ಲ, ಸಮುದ್ರಕ್ಕೆ.
ಆಗ ತಲೆಯೆತ್ತಿದ.
ಎಷ್ಟು ದೊಡ್ಡ ಸಮುದ್ರ?
ಮೂರಡಿ ಉದ್ದ, ಒಂದೂವರೆ ಅಗಲ,
ರಾಜಾಜಿನಗರ ಆರನೇ ಬ್ಲಾಕು, ಎರಡನೇ ಮಹಡಿ,
ವಾಷಿಂಗ್ ಮೆಷಿನ್ನಿನ ಪಕ್ಕ.
ಬೆರಳಲ್ಲೇ ಲೆಕ್ಕ ಹಾಕಿ ನಕ್ಕ:
ಒಂದು ಮರಿಗೆ ಹಾಕೋದೂ ಜಾಸ್ತಿ ನಿಮಗೆ.

ಬಂದದ್ದು ಫಿಲೋಮಿನಾ ಕೊಟ್ಟ ಹವಳದ ತುಂಡಿನ ಜೊತೆ.
ಕಾಕ್ಸ್ ಟೌನಿನಿಂದ ಐಸ್‌ಕ್ರೀಮ್ ಡಬ್ಬಿಯಲ್ಲಿ,
ಎರಡು ಬಸ್ಸು ಬದಲಿಸಿ, ತೊಡೆಯ ಮೇಲಿಟ್ಟು ತಂದೆ.
ಹೊಸದನ್ನು ಹೊಸಿಲಲ್ಲೇ ತಡೆಯಬೇಕು,
ಅಯೋಡಿನ್ ನೀರಲ್ಲಿ ಅದ್ದಿ ಅಲುಗಿಸಬೇಕು,
ಬೇರೆ ಬಕೆಟ್ಟಲ್ಲಿ ಕೆಲವು ವಾರ. ಎಲ್ಲ ಗೊತ್ತಿತ್ತು.
ಗೆಳತಿ ಕೊಟ್ಟದ್ದನ್ನು ತೊಳೆದು ಒಳಗೆ ತರುವುದು ಹೇಗೆ?
ಮನೆಗೆ ಬಂದ ಎಷ್ಟೋ ಹುಳ
ಸಂಕೋಚದ ಬಾಗಿಲಿಂದಲೇ ಬಂದದ್ದು.

ಮೊದಲು ಗಾಜಿನ ಮೇಲೊಂದು ತುಕ್ಕಿನ ಚುಕ್ಕೆ.
ಒರೆಸಹೋದರೆ ಪಕ್ಕಕ್ಕೆ ಸರಿಯಿತು.
ಅವಲಕ್ಕಿಗಿಂತ ಸಣ್ಣ, ಅವಲಕ್ಕಿಯಷ್ಟೇ ಚಪ್ಪಟೆ,
ಬಾಲಕ್ಕೆ ಮೂರು ಮೊನೆ.
ಬಾಯುಂಟು, ಕರುಳಿಲ್ಲ.
ಮೈಯೊಳಗೆ ಪಾಚಿಯ ತೋಟ ಇಟ್ಟುಕೊಂಡು
ನಾನು ಹವಳಕ್ಕೆಂದು ಹಚ್ಚಿದ ಬೆಳಕನ್ನೇ ಉಣ್ಣುತ್ತದೆ.
ಹಡೆಯಲು ಜೊತೆ ಬೇಡ,
ತನ್ನ ಅಂಚಿನಲ್ಲೇ ಇನ್ನೊಂದು ಚಿಗುರಿ ಕಳಚುತ್ತದೆ.
ಶಿವರಾತ್ರಿಗೆ ಒಂಬತ್ತು.
ಯುಗಾದಿಗೆ ಎಣಿಸುವುದು ಬಿಟ್ಟೆ.

ನಾನು ಹಲ್ಲಿನ ಸೆಟ್ಟು ಮಾಡುವವಳು.
ಹಗಲೆಲ್ಲ ಮೇಣ, ಪ್ಲಾಸ್ಟರು,
ಮುಖ ನೋಡದ ಯಾರದೋ ಒಸಡಿಗೆ ಗುಲಾಬಿ ಬಣ್ಣ.
ರಾತ್ರಿ ಬಂದರೆ ಇಲ್ಲಿ
ಗುಲಾಬಿಯ ಮೇಲೆ ಕಂಬಳಿ ಹೊದಿಸಿದ ಹಾಗೆ ಹುಳ,
ಅಡಿಯಲ್ಲಿ ಮುದುಡಿದ ಹವಳ.

ಒಟ್ಟಿಗೆ ಕೊಲ್ಲಬೇಡ, ಅಂದಳು ಫಿಲೋಮಿನಾ ಫೋನಿನಲ್ಲಿ.
ಸಾಯುವಾಗ ವಿಷ ಕಕ್ಕುತ್ತವೆ, ಮೀನೂ ಹೋಗುತ್ತದೆ.
ಮೊದಲು ಕೈಯಲ್ಲಾದಷ್ಟು ಎಳೆದು ಹಾಕು, ಆಮೇಲೆ ಔಷಧಿ.
ಎಲ್ಲಿಂದ ಬಂತು ಅಂತ ಅವಳು ಕೇಳಲಿಲ್ಲ.
ನಾನೂ ಹೇಳಲಿಲ್ಲ.

ಹದಿನೇಳು ರಾತ್ರಿ, ಸಣ್ಣ ಪೈಪು.
ಬಾಯಿಂದ ಎಳೆದು ಬಿಡುವಾಗ ಒಮ್ಮೊಮ್ಮೆ ತಡವಾಗಿ
ಮೂರು ಸಾವಿರ ಅಡಿ ಎತ್ತರದ ಊರಿನಲ್ಲಿ
ನಾಲಗೆಯ ಮೇಲೆ ಕಡಲು.
ಥೂ ಅಂದು ಮತ್ತೆ ಎಳೆದೆ.
ಬಕೆಟ್ಟು ಬಚ್ಚಲಿಗೆ.
ಪಂಪು ಹತ್ತಿ ಬಂದ ಕಾವೇರಿಗೆ ಉಪ್ಪು ಬೆರೆಸಿದವಳು ನಾನು,
ಈಗದು ಹುಳದ ಸಮೇತ ವೃಷಭಾವತಿಗೆ,
ಅಲ್ಲಿಂದ ಅರ್ಕಾವತಿ, ಮತ್ತೆ ಕಾವೇರಿ.
ಅಷ್ಟು ಕೊಳೆ ದಾಟಿ
ಒಂದಾದರೂ ಬಂಗಾಳಕೊಲ್ಲಿ ಮುಟ್ಟೀತೇ ಎಂದುಕೊಂಡೆ.
ಮುಟ್ಟಲಿ ಅಂತಲೋ, ಬೇಡ ಅಂತಲೋ, ತಿಳಿಯದೆ.

ಭಾನುವಾರ. ಪ್ಲಾಸ್ಟರು ತೂಗುವ ತಕ್ಕಡಿಯಲ್ಲಿ ಪುಡಿ ತೂಗಿ
ಸ್ಟೀಲು ಲೋಟದಲ್ಲಿ ಕದಡಿ ಸುರಿದೆ.
ಕಾಫಿ ಇಳಿಯುವಷ್ಟರಲ್ಲಿ
ಹಿಡಿದದ್ದೆಲ್ಲ ಕೈಬಿಟ್ಟು, ಸುರುಳಿ ಸುತ್ತಿ,
ಒಣಮೆಣಸಿನ ಚೂರುಗಳಂತೆ ತೇಲಿದವು.
ಅಯ್ಯೋ, ಇಷ್ಟಿದ್ದವಾ.
ಬಲೆ, ಪೈಪು, ಹಳೇ ಲಂಗದ ಬಟ್ಟೆಯಲ್ಲಿ ಕಟ್ಟಿದ ಇದ್ದಿಲು,
ಅರ್ಧ ನೀರು ಹೊರಗೆ, ಅರ್ಧ ಹೊಸದು ಒಳಗೆ.
ನಡುವೆ ಕರೆಂಟು ಹೋಗಿ
ಯುಪಿಎಸ್ಸು ಕೀರಿದ ಸದ್ದಿಗೆ ನನ್ನೆದೆ ನಿಂತಿತು.
ಕ್ಲೌನ್ ಮೀನು ಮೂಲೆಯಲ್ಲಿ ಏದುಸಿರು ಬಿಡುತ್ತ
ಸಂಜೆಗೆ ಸುಧಾರಿಸಿಕೊಂಡಿತು.
ಸೀಗಡಿ ಸತ್ತಿತು.
ಅದು ಯಾರ ತಂಟೆಗೂ ಹೋದದ್ದಲ್ಲ.

ಮೊನ್ನೆ ಫಿಲೋಮಿನಾ ಬಂದಳು, ತೊಡೆಯ ಮೇಲೆ ಡಬ್ಬಿ.
ಹಸಿರು ಹವಳ, ನಾಣ್ಯದಗಲ.
ಎರಡೂ ಕೈಯಲ್ಲಿ ತೆಗೆದುಕೊಂಡೆ.
ಅವಳೆದುರೇ ಬಕೆಟ್ಟು ತಂದೆ, ಅಯೋಡಿನ್ ಬಿಟ್ಟೆ.
ಕೈ ಸ್ವಲ್ಪ ನಡುಗಿತು.
ಏನೂ ಅನ್ನಲಿಲ್ಲ ಅವಳು.
ಬಳೆ ಮೇಲಕ್ಕೆ ಸರಿಸಿ ಬಗ್ಗಿ,
ನನ್ನ ಭೂತಗನ್ನಡಿ ತಾನೇ ಹಿಡಿದಳು.
ಎರಡು ಉದುರಿದವು.